ಗೊರಕೆ ಹೊಡೆಯುವವರ ಕಣ್ಣನ್ನೂ ನೋಡಿ

ಮಾನ್ಯರೇ,

ಗೊರಕೆಯೆಂದರೆ ಮನೆಮಂದಿಗೆ ನಗೆಯ ವಿಷಯ. ಆದರೆ ಅದು ನಿದ್ದೆಯಲ್ಲಿ ಆಗಾಗ 10 ಸೆಕೆಂಡಿಗೂ ಮೀರಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾದ ಲಕ್ಷಣವೂ ಆಗಿರಬಹುದು; ಆ ತೊಂದರೆ ಇದ್ದವರಲ್ಲಿ ಕೆಲವರ ಮೇಲ್ರೆಪ್ಪೆ ಸಡಿಲವಾಗಿರುತ್ತದೆ. ಮಗ್ಗುಲಾಗಿ ಮಲಗಿದಾಗ ಅದು ದಿಂಬಿಗೆ ತಾಗಿ ಮಗುಚಿಕೊಂಡು, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಒಣಗಿ ತರಚುತ್ತದೆ. ಬೆಳಿಗ್ಗೆ ಕಣ್ಣು ಕೆಂಪು, ಅಂಟು, ತುರಿಕೆ. ಇದನ್ನು ಅಲರ್ಜಿಯೆಂದು ಬಗೆದು ತಿಂಗಳುಗಟ್ಟಲೆ ಡ್ರಾಪ್ಸ್ ಹಾಕುವವರೇ ಹೆಚ್ಚು! ಸದಾ ಒಂದೇ ಮಗ್ಗುಲಿಗೆ ಮಲಗುವವರಲ್ಲಿ ಆ ಬದಿಯ ಕಣ್ಣೇ ಹೆಚ್ಚು ಕೆಡುವುದು ಒಳ್ಳೆಯ ಸುಳಿವು.

ಕಣ್ಣುಜ್ಜುವ ಚಟವೂ ಸೇರಿದರೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್‌ನ ಅಪಾಯವಿದೆ. ಕನ್ನಡಕದ ಸಿಲಿಂಡರ್ ನಂಬರ್ ಪದೇಪದೇ ಬದಲಾದರೆ ಕಾರ್ನಿಯಾದ ಆಕಾರ ಅಳೆಯುವ ಕಾರ್ನಿಯಲ್ ಟೊಪೋಗ್ರಫಿ ಪರೀಕ್ಷೆ ಮಾಡಿಸಿ. ಆಪ್ನಿಯಾ ಇದ್ದವರಿಗೆ ನಿದ್ದೆಯಲ್ಲಿ ಒತ್ತಡದಿಂದ ಗಾಳಿ ಕೊಡುವ ಸಿಪ್ಯಾಪ್ ಯಂತ್ರದ ಮಾಸ್ಕ್‌ನಿಂದ ಕಣ್ಣಿನತ್ತ ಗಾಳಿ ಸೋರಿದರೂ ಕಣ್ಣು ಒಣಗುತ್ತದೆ; ಪಟ್ಟಿಯನ್ನು ಬಿಗಿಯುತ್ತಲೇ ಹೋಗದೆ ಮಾಸ್ಕ್‌ನ ಅಳತೆ ಪರೀಕ್ಷಿಸಿಕೊಳ್ಳಿ.

– ಇಬ್ಬರು ನೇತ್ರತಜ್ಞರು, ಮೈಸೂರು