ಮೆರಾಲ್ ಅಕ್ಷೆನೆರ್ ಬಗ್ಗೆ ನೀನು ಕೇಳಿದ್ದಕ್ಕೆ, ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಸೆಮಿನಾರಿಗೆ ಟರ್ಕಿಯ ರಾಜಕಾರಣಿ ಮೆರಾಲ್ ಅಕ್ಷೆನೆರ್ ಅವರನ್ನು ಆರಿಸಿಕೊಂಡಿದ್ದೀನಿ, ಆಕೆಯನ್ನು ಮೆಚ್ಚಬೇಕಾ ಬೇಡವಾ ಹೇಳಮ್ಮ ಅಂತ ಕೇಳಿದೆಯಲ್ಲ, ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಬರೆಯುತ್ತಿದ್ದೇನೆ. ಆಕೆಯ ಧೈರ್ಯ ನನಗೆ ತುಂಬಾ ಇಷ್ಟ. ಆಕೆಯ ರಾಷ್ಟ್ರವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಆ ಧೈರ್ಯ ಬಂದಿದ್ದೇ ಆ ರಾಷ್ಟ್ರವಾದದಿಂದ ಅನ್ನುವುದು ನನ್ನ ಅನಿಸಿಕೆ. ಇದು ನನ್ನ ದೇಶ, ನನ್ನನ್ನು ತಡೆಯೋಕೆ ನೀನ್ಯಾರು ಅನ್ನುವ ಹಕ್ಕಿನ ಧ್ವನಿ ಆಕೆಯದು.

ಹುಟ್ಟಿದ್ದು 1956ರಲ್ಲಿ, ಇಸ್ತಾಂಬುಲ್ ಹತ್ತಿರದ ಇಜ್ಮಿತ್ ಊರಲ್ಲಿ. ಮನೆಯವರು ಗ್ರೀಸ್ ಕಡೆಯಿಂದ ಬಂದ ಮುಸ್ಲಿಮರು. 1923ರಲ್ಲಿ ಎರಡೂ ದೇಶಗಳು ಕೂತು ಒಪ್ಪಂದ ಮಾಡಿಕೊಂಡು, ಗ್ರೀಸಿನ ಮುಸ್ಲಿಮರನ್ನು ಟರ್ಕಿಗೆ, ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರನ್ನು ಗ್ರೀಸಿಗೆ ಕಳಿಸಿಬಿಟ್ಟವು. ಯಾರು ಯಾವ ಭಾಷೆ ಆಡುತ್ತಾರೆ ಅಂತ ಕೇಳಲಿಲ್ಲ, ಧರ್ಮ ಒಂದನ್ನೇ ನೋಡಿದರು. ಹದಿನೈದು ಲಕ್ಷದಷ್ಟು ಜನ ಮನೆಮಠ ಬಿಟ್ಟು ಹೊರಟರು. ಅಂಥ ಮನೆಯಲ್ಲಿ ಬೆಳೆದವರಿಗೆ ದೇಶ ಅಂದರೆ ಸುಮ್ನೆ ಸಿಕ್ಕಿದ್ದಲ್ಲ, ಕಳೆದುಕೊಂಡು ಪಡೆದದ್ದು. ಇದನ್ನು ನಿನ್ನ ಸೆಮಿನಾರಿನಲ್ಲಿ ಮೊದಲೇ ಹೇಳಿಬಿಡು, ಆಮೇಲಿನದ್ದು ಅರ್ಥವಾಗುತ್ತದೆ.

ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ. ಪಿಎಚ್‌ಡಿ ಮಾಡಿ ಪಾಠ ಹೇಳುತ್ತಿದ್ದರು. ಆಗಿನ ಪ್ರಧಾನಿ ತಾನ್ಸು ಚಿಲ್ಲೆರ್ ಅವರ ಪಕ್ಷ ಸೇರಿ 1995ರಲ್ಲಿ ಸಂಸತ್ತಿಗೆ ಹೋದರು. ಒಂದೇ ವರ್ಷದಲ್ಲಿ ಗೃಹ ಸಚಿವೆ! ಟರ್ಕಿಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು.

ಆ ಕುರ್ಚಿ ಖಾಲಿಯಾದ ಬಗೆ ನೀನು ತಿಳಿದಿರಬೇಕು. 1996ರ ನವೆಂಬರ್ 3ರಂದು ಸುಸುರ್ಲುಕ್ ಊರಿನ ಬಳಿ ಒಂದು ಮರ್ಸಿಡಿಸ್ ಕಾರು ಲಾರಿಗೆ ಗುದ್ದಿತು. ಕಾರಿನಲ್ಲಿ ಒಬ್ಬ ಹಿರಿಯ ಪೊಲೀಸ್ ಅಧಿಕಾರಿ, ಪೊಲೀಸರೇ ಹುಡುಕುತ್ತಿದ್ದ ಒಬ್ಬ ಬಲಪಂಥೀಯ ಹಂತಕ, ಮತ್ತೆ ಆಳುವ ಪಕ್ಷದ ಒಬ್ಬ ಸಂಸದ, ಮೂವರೂ ಒಟ್ಟಿಗೆ ಇದ್ದರು. ಸರ್ಕಾರಕ್ಕೂ ಕೊಲೆಗಡುಕರಿಗೂ ಇದ್ದ ನಂಟು ಹೀಗೆ ರಸ್ತೆ ಮೇಲೆ ಬಿತ್ತು. ಆಗಿನ ಗೃಹ ಸಚಿವರು ರಾಜೀನಾಮೆ ಕೊಟ್ಟರು, ಆ ಜಾಗಕ್ಕೆ ಅಕ್ಷೆನೆರ್ ಬಂದರು. ಕೂತಿದ್ದು ಎಂಟು ತಿಂಗಳೂ ಇಲ್ಲ. 1997ರ ಫೆಬ್ರುವರಿ 28ರಂದು ಸೇನೆ ಪ್ರಧಾನಿ ಎರ್ಬಕಾನ್ ಸರ್ಕಾರದ ಮುಂದೆ ತನ್ನ ಬೇಡಿಕೆಗಳ ಪಟ್ಟಿ ಇಟ್ಟು ಕುತ್ತಿಗೆ ಹಿಸುಕಲು ಶುರು ಮಾಡಿತು. ಘಟಾನುಘಟಿಗಳೇ ಮೆತ್ತಗಾದರು. ಈಕೆ ಆಗಲಿಲ್ಲ. ಸಚಿವಾಲಯದ ಮುಂದೆಯೇ ಶೂಲಕ್ಕೇರಿಸುತ್ತೇವೆ ಅಂತ ಒಬ್ಬ ಸೇನಾಧಿಕಾರಿ ಬೆದರಿಕೆ ಹಾಕಿದ್ದ ಎಂಬ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಬಂದು, ಇವತ್ತಿಗೂ ಆಕೆಯ ಹೆಸರಿನ ಜೊತೆಗೇ ಓಡಾಡುತ್ತಿದೆ. ಗಂಡಸು ಮಂತ್ರಿಗೆ ಯಾರಾದರೂ ಹಾಗೆ ಹೇಳುತ್ತಿದ್ದರಾ, ನೀನೇ ಯೋಚಿಸು.

ಅದೇ 1997ರಲ್ಲಿ ಆಕೆಯ ಬಾಯಿಂದ ಇನ್ನೊಂದು ಮಾತೂ ಬಂತು. ಕುರ್ದ್ ಬಂಡುಕೋರರ ನಾಯಕ ಅಬ್ದುಲ್ಲಾ ಓಜಲಾನ್‌ನನ್ನು ಅರ್ಮೇನಿಯನ್ ಬೀಜ ಎಂದು ಬೈದರು. ಒಬ್ಬನನ್ನು ಬೈಯಲು ಇಡೀ ಒಂದು ಜನಾಂಗದ ಹೆಸರನ್ನು ಬೈಗುಳ ಮಾಡುವುದು, ಅದೂ 1915ರಲ್ಲಿ ಆ ಜನ ಆ ನೆಲದಲ್ಲಿ ಅನುಭವಿಸಿದ ಸಾಮೂಹಿಕ ಹತ್ಯೆಯ ಮೇಲೆ! ನಮ್ಮ ದೇಶದ ಅರ್ಮೇನಿಯನ್ನರನ್ನು ಉದ್ದೇಶಿಸಿ ಹೇಳಿದ್ದಲ್ಲ ಅಂತ ಆಮೇಲೆ ಸಮಜಾಯಿಷಿ ಕೊಟ್ಟರು. ನನಗೆ ಅದು ಸಾಲದು. ಇತಿಹಾಸ ಓದಿದವರ ಬಾಯಲ್ಲಿ ಬರುವ ಮಾತಲ್ಲ ಅದು.

ಮುಂದೆ 2001ರಲ್ಲಿ, ಆಮೇಲೆ ದೇಶದ ಅಧ್ಯಕ್ಷರಾದ ಎರ್ಡೋಗನ್ ಮತ್ತು ಅವರ ಜೊತೆಗಾರ ಗುಲ್ ಹೊಸ ಪಕ್ಷ ಕಟ್ಟುವಾಗ ಸ್ವಲ್ಪ ದಿನ ಜೊತೆಗಿದ್ದು, ಹೊರಬಂದು, ಎಂಎಚ್‌ಪಿ ಸೇರಿದರು. ಅದು ಅಲ್ಪರ್ಸ್ಲಾನ್ ತುರ್ಕೆಶ್ ಕಟ್ಟಿದ ಕಟ್ಟಾ ರಾಷ್ಟ್ರವಾದಿ ಪಕ್ಷ, ಬೂದು ತೋಳಗಳು ಎಂಬ ಯುವಪಡೆಯ ಪಕ್ಷ. ಅಂಥ ಗಂಡಸರ ಕೋಟೆಯಲ್ಲಿ ಈಕೆ 2007ರಿಂದ 2015ರವರೆಗೆ ಸಂಸತ್ತಿನ ಉಪಸಭಾಧ್ಯಕ್ಷೆಯಾಗಿದ್ದರು. ಅಭಿಮಾನಿಗಳು ಇಟ್ಟ ಹೆಸರು ಅಸೆನಾ, ತುರ್ಕಿ ಪುರಾಣದ ಹೆಣ್ಣು ತೋಳ.

2015ರಲ್ಲಿ ಎರಡು ಚುನಾವಣೆಗಳ ನಡುವಿನ ಐದೇ ತಿಂಗಳಲ್ಲಿ ಪಕ್ಷದ ಸೀಟು 80ರಿಂದ 40ಕ್ಕೆ ಇಳಿಯಿತು. 1997ರಿಂದ ಪಕ್ಷದ ಅಧ್ಯಕ್ಷರಾಗಿದ್ದ ದೆವ್ಲೆತ್ ಬಾಹ್ಚೆಲಿ ಕುರ್ಚಿ ಬಿಡಲಿಲ್ಲ. ಅಕ್ಷೆನೆರ್ ಎದುರು ನಿಂತರು. 2016ರ ಮೇ 15ರಂದು ಅಂಕಾರದ ಒಂದು ಹೋಟೆಲಿನಲ್ಲಿ ಸಭೆ ಸೇರಬೇಕಿತ್ತು, ಪೊಲೀಸರು ಬ್ಯಾರಿಕೇಡ್ ಹಾಕಿ ದಾರಿ ಮುಚ್ಚಿದರು. ಕೋರ್ಟು ಕಚೇರಿ ಅಂತ ಅಲೆದದ್ದಾಯಿತು. ಸೆಪ್ಟೆಂಬರಿನಲ್ಲಿ ಪಕ್ಷದಿಂದಲೇ ತೆಗೆದುಹಾಕಿದರು.

ನನಗೆ ಆಕೆ ಅತಿ ಹತ್ತಿರ ಅನ್ನಿಸುವುದು ಇದಾದ ಮೇಲಿನ ತಿಂಗಳುಗಳಲ್ಲಿ. ಎಲ್ಲ ಅಧಿಕಾರವನ್ನೂ ದೇಶದ ಅಧ್ಯಕ್ಷರ ಕೈಗೆ ಕೊಡುವ ಜನಮತಗಣನೆ 2017ರ ಏಪ್ರಿಲ್‌ನಲ್ಲಿ ಇತ್ತು. ಬಾಹ್ಚೆಲಿ ಎರ್ಡೋಗನ್ ಪರ ನಿಂತರು. ಈಕೆಗೆ ಪಕ್ಷವಿಲ್ಲ, ಪದವಿಯಿಲ್ಲ, ಟಿವಿಯವರು ಹತ್ತಿರ ಸೇರಿಸುತ್ತಿಲ್ಲ. ಊರೂರು ಸುತ್ತಿ ಬೇಡ ಎಂದು ಮತ ಹಾಕಿ ಅಂತ ಕೇಳಿದರು. ಅಂಗೈಯಲ್ಲಿ ಮದರಂಗಿಯಿಂದ ಟರ್ಕಿ ಬಾವುಟದ ಚಂದ್ರ ನಕ್ಷತ್ರ ಬರೆಸಿಕೊಂಡು, ಆ ಕೈ ಎತ್ತಿ ಜನರಿಗೆ ತೋರಿಸುತ್ತಿದ್ದರು. ಚನಾಕ್ಕಲೆ ಊರಿನ ಹೋಟೆಲಿನಲ್ಲಿ ಆಕೆಯ ಸಭೆಗೆ ಕರೆಂಟು ತೆಗೆದರು. ಜನ ಮೊಬೈಲ್ ಬೆಳಕು ಹಿಡಿದರು, ಆಕೆ ಮೆಗಾಫೋನ್ ಹಿಡಿದು ಮಾತಾಡಿದರು. ಅಷ್ಟೇ, ಸಭೆ ನಡೆಯಿತು. ಮತದಲ್ಲಿ ಸೋತರು, ನಿಜ. ಶೇ. 51 ಚಿಲ್ಲರೆ ಜನ ಬೇಕು ಎಂದರು.

ಅದೇ ವರ್ಷ ಅಕ್ಟೋಬರ್ 25ಕ್ಕೆ ಆಕೆಯೇ ಕಟ್ಟಿದ ಇಯಿ ಪಕ್ಷ ಹುಟ್ಟಿತು. 2018ರ ಚುನಾವಣೆಗೆ ಈ ಹೊಸ ಪಕ್ಷವನ್ನು ಬಿಡುತ್ತಾರೋ ಇಲ್ಲವೋ ಅನ್ನುವ ಅನುಮಾನ ಇದ್ದಾಗ, ಸಂಸತ್ತಿನಲ್ಲಿ ಸಾಕಷ್ಟು ಸದಸ್ಯರಿದ್ದರೆ ತಡೆಯಲಾಗದು ಅಂತ ವಿರೋಧ ಪಕ್ಷ ಸಿಎಚ್‌ಪಿ ತನ್ನ 15 ಸಂಸದರನ್ನು ಕೈಗಡ ಕೊಟ್ಟಂತೆ ಕಳಿಸಿಕೊಟ್ಟಿತು. ಆ ಪಕ್ಷದ ನಾಯಕ ಕೆಮಾಲ್ ಕಿಲಿಚ್‌ದಾರೊಗ್ಲು ಮಾಡಿದ ಈ ಉಪಕಾರವನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ಅಧ್ಯಕ್ಷ ಸ್ಥಾನಕ್ಕೆ ನಿಂತ ಅಕ್ಷೆನೆರ್‌ಗೆ ಶೇ. 7ರಷ್ಟು ಮತ, ಪಕ್ಷಕ್ಕೆ 43 ಸೀಟು. ಮುಂದಿನ ವರ್ಷ ಇಸ್ತಾಂಬುಲ್ ಮತ್ತು ಅಂಕಾರ ನಗರಗಳನ್ನು ಎರ್ಡೋಗನ್ ಕೈಯಿಂದ ಕಿತ್ತುಕೊಂಡಿದ್ದರಲ್ಲಿ ಆಕೆಯ ಪಾಲು ದೊಡ್ಡದು.

ಇನ್ನು 2023ರ ಮಾರ್ಚ್. ಆರು ವಿರೋಧ ಪಕ್ಷಗಳು ಒಂದೇ ಮೇಜಿಗೆ ಕೂತಿದ್ದವು. ಕಿಲಿಚ್‌ದಾರೊಗ್ಲು ಅಧ್ಯಕ್ಷ ಅಭ್ಯರ್ಥಿ ಅಂತ ಉಳಿದವರು ಒಪ್ಪಿದರು. ಅವರು ಗೆಲ್ಲುವುದಿಲ್ಲ, ಇಸ್ತಾಂಬುಲ್ ಅಥವಾ ಅಂಕಾರದ ಮೇಯರ್ ನಿಲ್ಲಲಿ ಎಂಬುದು ಅಕ್ಷೆನೆರ್ ವಾದ. ಸಾವು ಮಲೇರಿಯಾ ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಒತ್ತಾಯಿಸುತ್ತಿದ್ದಾರೆ ಎಂದು ಎಲ್ಲರೆದುರು ಹೇಳಿ 3ನೇ ತಾರೀಕು ಎದ್ದು ಹೋದರು. 6ಕ್ಕೆ ವಾಪಸ್ ಬಂದು ಕೂತರು. ಅಭ್ಯರ್ಥಿ ಕಿಲಿಚ್‌ದಾರೊಗ್ಲು ಅವರೇ, ಗೆದ್ದರೆ ಮೇಯರ್‌ಗಳು ಉಪಾಧ್ಯಕ್ಷರಾಗುತ್ತಾರೆ ಅನ್ನುವ ರಾಜಿ. ಮೇ 28ಕ್ಕೆ ಕಿಲಿಚ್‌ದಾರೊಗ್ಲು ಸೋತರು.

ಆಕೆಯ ಲೆಕ್ಕಾಚಾರ ಸರಿಯಿತ್ತು ಅಂತ ಈಗ ಬಹಳ ಜನ ಹೇಳುತ್ತಾರೆ. ಇರಬಹುದು. ನನಗೆ ಆ ನಡೆ ಹಿಡಿಸಲಿಲ್ಲ. ಅಷ್ಟು ಗಟ್ಟಿ ಇದ್ದರೆ ತಿಂಗಳುಗಟ್ಟಲೆ ಮೊದಲೇ ಹೇಳಿ ಜಗಳ ಮುಗಿಸಬೇಕಿತ್ತು. ಚುನಾವಣೆ ಬಾಗಿಲಿಗೆ ಬಂದಾಗ ಎದ್ದು ಹೋಗಿ, ಮತ್ತೆ ಬಂದು ಕೂತು, ನಂಬಿದ ಜನರ ಉತ್ಸಾಹವನ್ನೇ ಇಳಿಸಿದರು. ಅದೂ ಕಷ್ಟಕ್ಕಾದ ಮನುಷ್ಯನ ವಿಷಯದಲ್ಲಿ.

2024ರ ಸ್ಥಳೀಯ ಚುನಾವಣೆಗೆ ಒಂಟಿಯಾಗಿ ಹೋಗಿ ಶೇ. 4ರ ಒಳಗೆ ಕುಸಿದರು. ಏಪ್ರಿಲ್‌ನಲ್ಲಿ ಪಕ್ಷದ ಅಧ್ಯಕ್ಷ ಪದವಿ ಬಿಟ್ಟರು, ಮುಸಾವತ್ ದೆರ್ವಿಶೊಗ್ಲು ಬಂದರು. ಬಾಹ್ಚೆಲಿ ಬಿಡದ ಕುರ್ಚಿಯನ್ನು ಈಕೆ ಬಿಟ್ಟರು, ಅದನ್ನು ಗೌರವದಿಂದಲೇ ಬರೆ. ಜೂನ್‌ನಲ್ಲಿ ಎರ್ಡೋಗನ್ ಅರಮನೆಗೆ ಹೋಗಿ ಅವರನ್ನು ಕಂಡು ಬಂದಿದ್ದು ಅನೇಕರಿಗೆ ನೋವು ಕೊಟ್ಟಿತು. ನನಗೂ.

ಒಂದು ಕೆಲಸ ಮಾಡು ಪುಟ್ಟಿ. ಸೆಮಿನಾರಿನಲ್ಲಿ ಆಕೆಯ ಪಕ್ಕದಲ್ಲೇ ಲೈಲಾ ಜಾನಾ ಅವರನ್ನೂ ಇಡು. ಟರ್ಕಿಯ ಸಂಸತ್ತಿಗೆ ಹೋದ ಮೊದಲ ಕುರ್ದ್ ಮಹಿಳೆ. 1991ರಲ್ಲಿ ಪ್ರಮಾಣವಚನದ ಕೊನೆಗೆ, ತುರ್ಕಿ ಮತ್ತು ಕುರ್ದ್ ಜನರ ಸೋದರಭಾವಕ್ಕಾಗಿ ಈ ಪ್ರಮಾಣ ಅಂತ ಕುರ್ದಿಶ್ ಭಾಷೆಯಲ್ಲಿ ಒಂದು ವಾಕ್ಯ ಸೇರಿಸಿದ್ದಕ್ಕೆ ಸದನವೇ ಎದ್ದು ಕೂಗಾಡಿತು. 1994ರಿಂದ ಹತ್ತು ವರ್ಷ ಜೈಲಿನಲ್ಲಿದ್ದರು. ಅಂದರೆ ಅಕ್ಷೆನೆರ್ ಗೃಹ ಸಚಿವೆಯಾಗಿದ್ದಷ್ಟೂ ಕಾಲ ಲೈಲಾ ಒಳಗಿದ್ದರು. ಇಬ್ಬರದ್ದೂ ಧೈರ್ಯವೇ ಅಲ್ವಾ? ಒಬ್ಬರಿಗೆ ಸಚಿವಾಲಯ, ಒಬ್ಬರಿಗೆ ಜೈಲು ಯಾಕಾಯಿತು ಅಂತ ನಿನ್ನ ಕ್ಲಾಸಿನವರನ್ನು ಕೇಳು. ಏನು ಹೇಳಿದರು ಅಂತ ನನಗೆ ಬರೆ.

ನಿನ್ನ,
ಅಮ್ಮ