ಮೊದಲು ಚೆಂಡು ನಿಲ್ಲಿಸಲು ಕಲಿಸಿ, ಡ್ರ್ಯಾಗ್ ಫ್ಲಿಕ್ ಆಮೇಲೆ ನೋಡೋಣ

ಮಾನ್ಯ ಸಂಪಾದಕರೇ,

ರಜೆ ಶುರುವಾದರೆ ಸಾಕು, ಪತ್ರಿಕೆಗಳಲ್ಲಿ ಮಕ್ಕಳ ಹಾಕಿ ಶಿಬಿರದ ಫೋಟೊಗಳು ಬರತೊಡಗುತ್ತವೆ. ನೋಡಿ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಫೋಟೊವನ್ನು ಇನ್ನೊಂದು ಸಲ ನೋಡಿ. ಇಪ್ಪತ್ತು ಮಕ್ಕಳು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ, ಎಲ್ಲರ ಕೈಯಲ್ಲೂ ಸ್ಟಿಕ್ ಇರುತ್ತದೆ, ಚೆಂಡು ಮಾತ್ರ ಒಂದೋ ಎರಡೋ. ಚಿಕ್ಕ ಮಕ್ಕಳಿಗೆ ಹಾಕಿ ಹೇಳಿಕೊಡುವ ನನಗೆ ತಕರಾರು ಇರುವುದೇ ಅಲ್ಲಿ.

ಸುಮ್ನೆ ಲೆಕ್ಕ ಹಾಕಿ. 20 ಮಕ್ಕಳ ಸಾಲು, ಒಬ್ಬೊಬ್ಬರಿಗೆ 15 ಸೆಕೆಂಡ್. ಒಮ್ಮೆ ಚೆಂಡು ಮುಟ್ಟಿದ ಮಗುವಿಗೆ ಮತ್ತೆ ಸರದಿ ಬರುವುದು 5 ನಿಮಿಷದ ಮೇಲೆ. ಒಂದು ಗಂಟೆಯ ತರಬೇತಿಯಲ್ಲಿ ಮೊದಲ ಕಾಲು ಗಂಟೆ ಮೈದಾನ ಸುತ್ತುವುದರಲ್ಲಿ ಹೋಗುತ್ತದೆ, ಕೊನೆಯ ಇಪ್ಪತ್ತು ನಿಮಿಷ ಮ್ಯಾಚ್. ಉಳಿದ 25 ನಿಮಿಷದಲ್ಲಿ ಆ ಮಗುವಿಗೆ ಸಿಕ್ಕಿದ್ದು ಐದು ಸರದಿ! ಮ್ಯಾಚಿನಲ್ಲಾದರೂ ಸಿಗುತ್ತದಾ ಅಂದರೆ ಅದೂ ಇಲ್ಲ, ಅಲ್ಲಿ ಚೆಂಡು ಜೋರಿರುವ ಇಬ್ಬರು ಮೂವರ ಹತ್ತಿರವೇ ಓಡಾಡುತ್ತದೆ, ಉಳಿದವರು ಹಿಂದೆ ಹಿಂದೆ ಓಡುತ್ತಾರೆ. ನಾಲ್ಕು ವಾರ ಹೀಗೆ ನಡೆದರೆ ಮಗು 'ನನಗೆ ಹಾಕಿ ಬರಲ್ಲ' ಅನ್ನುತ್ತದೆ. ಹೇಗೆ ಬಂದೀತು?

ನಾನು ಹೇಳಬೇಕೆಂದಿರುವುದು ಇಷ್ಟೇ. ಮೊದಲ ವರ್ಷ ಸ್ಟಿಕ್ ಹಿಡಿಯುವುದು, ಬಂದ ಚೆಂಡನ್ನು ನಿಲ್ಲಿಸುವುದು, ನಿಲ್ಲಿಸಿದ್ದನ್ನು ಪುಶ್ ಮಾಡಿ ಕಳಿಸುವುದು, ಇದೇ ನಡೆಯಬೇಕು. ಅದೂ ಒಬ್ಬೊಬ್ಬರಿಗೂ ಒಂದೊಂದು ಚೆಂಡು, ಆಗದಿದ್ದರೆ ಇಬ್ಬರಿಗೊಂದು. ಹಿಟ್ (ಸ್ಟಿಕ್ ಬೀಸಿ ಹೊಡೆಯುವುದು), ಸ್ಕೂಪ್ (ಚೆಂಡನ್ನು ಮೇಲಕ್ಕೆತ್ತಿ ಕಳಿಸುವುದು), ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ತಂದು ಗೋಲಿಗೆ ಎಸೆಯುವುದು) ಎಲ್ಲ ಕಾಯಲಿ.

ಸ್ಟಿಕ್ಕಿನಿಂದಲೇ ಶುರು ಮಾಡೋಣ. 'ಬೆಳೆಯುವ ಮಗು, ಎರಡು ವರ್ಷ ಬರಲಿ' ಅಂತ ಬಟ್ಟೆ ಕೊಂಡ ಹಾಗೆ ಉದ್ದದ ಸ್ಟಿಕ್ ತರುವ ಪೋಷಕರು ತುಂಬಾ ಜನ. ನಿಯಮದ ಪ್ರಕಾರ ಸ್ಟಿಕ್ 105 ಸೆಂ.ಮೀ. ಮೀರಬಾರದು, ತೂಕ 737 ಗ್ರಾಂ ಮೀರಬಾರದು, ಆದರೆ ಇದು ಗರಿಷ್ಠ ಮಿತಿ, ಮಕ್ಕಳ ಅಳತೆ ಅಲ್ಲ. ಮಗು ನೆಟ್ಟಗೆ ನಿಂತಾಗ ಪಕ್ಕದಲ್ಲಿ ನಿಲ್ಲಿಸಿದ ಸ್ಟಿಕ್ ಸೊಂಟದ ಮೂಳೆಯ ಹತ್ತಿರ ಬಂದರೆ ಸಾಕು. ಅದಕ್ಕಿಂತ ಉದ್ದ ಇದ್ದರೆ ಹಿಡಿಯ ತುದಿ ಹೊಟ್ಟೆಗೆ ತಾಗುತ್ತದೆ. ಆಗ ಮಗು ಏನು ಮಾಡುತ್ತದೆ? ಎಡಗೈಯನ್ನು ಕೆಳಗೆ ಜಾರಿಸಿ ಹಿಡಿಯುತ್ತದೆ. ಅಲ್ಲಿಗೆ ಹಿಡಿತ ಕೆಟ್ಟ ಹಾಗೆಯೇ.

ಯಾಕೆಂದರೆ ಹಾಕಿಯಲ್ಲಿ ಯಜಮಾನಿಕೆ ಎಡಗೈಯದು. ಎಡಗೈ ಹಿಡಿಯ ತುದಿಯಲ್ಲಿರಬೇಕು, ಸ್ಟಿಕ್ ತಿರುಗಿಸುವುದು ಅದೇ. ಬಲಗೈ ಸುಮಾರು ನಡುವೆ, ಸಡಿಲವಾಗಿ, ಸ್ಟಿಕ್ ಅದರೊಳಗೆ ತಿರುಗುವಂತೆ ಇರಬೇಕು. ಕ್ರಿಕೆಟ್ ಆಡಿ ಬಂದ ಮಕ್ಕಳು ಎರಡೂ ಕೈಗಳನ್ನು ಒಟ್ಟಿಗೆ ಮೇಲೆ ಹಿಡಿಯುತ್ತಾರೆ. ಉಳಿದವರು ಬಲಗೈಯನ್ನು ಬಿಗಿಯಾಗಿ ಹಿಡಿದು ಅದರಿಂದಲೇ ತಿರುಗಿಸಲು ನೋಡುತ್ತಾರೆ, ಮೊಣಕೈ ಮೇಲೆದ್ದು ಭುಜ ಬಿಗಿಯಾಗುತ್ತದೆ. ಎಡ ಹೆಬ್ಬೆರಳನ್ನು ಹಿಡಿಯ ಉದ್ದಕ್ಕೂ ಕೆಳಗೆ ಚಾಚುವುದು ಇನ್ನೊಂದು ಅಭ್ಯಾಸ. ಅದನ್ನು ಆ ದಿನವೇ ತಿದ್ದಬೇಕು. ಆರು ತಿಂಗಳು ಬಿಟ್ಟರೆ ತಿದ್ದಲು ಎರಡು ವರ್ಷ ಬೇಕಾಗುತ್ತದೆ, ಉತ್ಪ್ರೇಕ್ಷೆ ಅನಿಸಿದರೂ ಪರವಾಗಿಲ್ಲ.

ಬಲಗೈ ಸಡಿಲ ಮಾಡಿಸಲು ಬಾಯಿಮಾತು ಸಾಲದು. ಸ್ಟಿಕ್ಕಿಗಿಂತ ಸ್ವಲ್ಪ ಅಗಲದ ಪ್ಲಾಸ್ಟಿಕ್ ಪೈಪಿನ ಚೂರೊಂದನ್ನು ಮೇಲಿನಿಂದ ಸ್ಟಿಕ್ಕಿಗೆ ತೂರಿಸಿ, ಬಲಗೈಯಲ್ಲಿ ಆ ಪೈಪ್ ಹಿಡಿಯಲು ಹೇಳಿ. ಈಗ ಎಡಗೈಯಿಂದ ಸ್ಟಿಕ್ ತಿರುಗಿಸಿದರೆ ಪೈಪಿನೊಳಗೆ ಅದು ಆರಾಮಾಗಿ ತಿರುಗುತ್ತದೆ, ಬಲಗೈಗೆ ಏನೂ ಕೆಲಸವಿಲ್ಲ. ನಿಂತ ಚೆಂಡಿನ ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಹತ್ತು ನಿಮಿಷ ಮಾಡಿದ ಮಗುವಿಗೆ ಇಂಡಿಯನ್ ಡ್ರಿಬಲ್ (ಚೆಂಡನ್ನು ಎಡಕ್ಕೆ ಬಲಕ್ಕೆ ಹೊರಳಿಸುತ್ತಾ ಸಾಗುವುದು) ಅಂದರೇನು ಅನ್ನುವುದು ಕೈಗೇ ತಿಳಿಯುತ್ತದೆ, ಭಾಷಣ ಬೇಕಾಗಿಲ್ಲ.

ಎಡಗೈ ಮಕ್ಕಳ ಪೋಷಕರು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ, ಎಡಗೈ ಸ್ಟಿಕ್ ಎಲ್ಲಿ ಸಿಗುತ್ತದೆ ಅಂತ. ಅಂಥದ್ದು ಆಟದಲ್ಲಿ ಇಲ್ಲ. ಸ್ಟಿಕ್ಕಿನ ಎಡಬದಿಯ ಚಪ್ಪಟೆ ಮುಖ ಮತ್ತು ಅಂಚುಗಳಿಂದ ಮಾತ್ರ ಆಡಬೇಕು, ಉಬ್ಬಿದ ಹಿಂಬದಿ ತಾಗಿದರೆ ಫೌಲ್. ಎಲ್ಲರಿಗೂ ಒಂದೇ ಸ್ಟಿಕ್. ಎಡಗೈಗೇ ಹೆಚ್ಚು ಕೆಲಸ ಇರುವುದರಿಂದ ಅಂಥ ಮಕ್ಕಳು ಬೇಗ ಹಿಡಿತಕ್ಕೆ ಬರುವುದನ್ನು ನಾನು ಕಂಡಿದ್ದೇನೆ. ಚಿಂತೆ ಬೇಡ.

ಇನ್ನು ನಿಲ್ಲಿಸುವುದು. ಇದನ್ನು ಯಾರೂ ಕಲಿಸುವುದೇ ಇಲ್ಲ! ಹೊಡೆಯುವುದನ್ನು ಕಲಿಸುತ್ತಾರೆ, ಬಂದದ್ದನ್ನು ತೆಗೆದುಕೊಳ್ಳುವುದು ತಾನಾಗಿಯೇ ಬರುತ್ತದೆ ಅಂದುಕೊಳ್ಳುತ್ತಾರೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಂಥ ಗಟ್ಟಿ. ಎಂಟು ವರ್ಷದ ಮಗುವಿಗೆ ಅದು ವೇಗವಾಗಿ ಬರುವುದು ಕಂಡರೆ ಹೆದರಿಕೆ ಆಗುವುದು ಸಹಜ. ಹೆದರಿದ ಮಗು ಕಣ್ಣು ಮುಚ್ಚಿ, ಹಿಂದೆ ಸರಿದು, ಸ್ಟಿಕ್ ಬೀಸುತ್ತದೆ. ಅದಕ್ಕೇ ಶುರುವಿನಲ್ಲಿ ಹಗುರ ಚೆಂಡು ಕೊಡಿ. ಟೆನ್ನಿಸ್ ಚೆಂಡು ಸ್ವಲ್ಪ ಪುಟಿಯುತ್ತದೆ, ಆದರೂ ನಡೆಯುತ್ತದೆ. ಹೆದರಿಕೆ ಹೋದ ಮೇಲೆ ಗಟ್ಟಿ ಚೆಂಡು, ಜೊತೆಗೆ ಶಿನ್ ಗಾರ್ಡ್, ಮೌತ್ ಗಾರ್ಡ್. ಇವೆರಡೂ ಇಲ್ಲದೆ ಗಟ್ಟಿ ಚೆಂಡು ಕೊಡಲೇಬಾರದು, ಇದರಲ್ಲಿ ಚರ್ಚೆ ಇಲ್ಲ.

ನಿಲ್ಲಿಸುವಾಗ ನೋಡಬೇಕಾದ ಮುಖ್ಯ ವಿಷಯ ಸ್ಟಿಕ್ಕಿನ ಓರೆ. ಹಿಡಿಯ ತುದಿ ಸ್ವಲ್ಪ ಮುಂದೆ, ಚೆಂಡು ಬರುವ ಕಡೆಗೆ ಬಾಗಿರಬೇಕು. ಆಗ ಚೆಂಡು ಸ್ಟಿಕ್ ಮತ್ತು ನೆಲದ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಡಿ ಹಿಂದಕ್ಕೆ ವಾಲಿದ್ದರೆ ಚೆಂಡು ಸ್ಟಿಕ್ ಹತ್ತಿ ಮುಖಕ್ಕೋ ಬೆರಳಿಗೋ ಬಂದು ಬಡಿಯುತ್ತದೆ. ಮಂಡಿ ಬಾಗಿರಲಿ, ಕೈ ಮೆತ್ತಗಿರಲಿ, ಚೆಂಡು ತಾಗುವ ಹೊತ್ತಿಗೆ ಸ್ಟಿಕ್ ಒಂಚೂರು ಹಿಂದೆ ಬರಲಿ, ಇಲ್ಲದಿದ್ದರೆ ಗೋಡೆಗೆ ಬಡಿದು ಬಂದಂತೆ ಎರಡು ಮೀಟರ್ ಆಚೆ ಹೋಗಿ ಎದುರಾಳಿಗೆ ಸಿಗುತ್ತದೆ. ನಿಂತ ಚೆಂಡು ಬಲಗಾಲಿನ ಮುಂದೆ, ಸ್ವಲ್ಪ ದೂರದಲ್ಲಿರಬೇಕು. ಕಾಲಿಗೆ ಅಂಟಿಕೊಂಡು ನಿಂತರೆ ಮಗು ತಲೆ ಬಗ್ಗಿಸಿ ಚೆಂಡನ್ನೇ ನೋಡುತ್ತದೆ, ಎದುರಿಗೆ ಯಾರಿದ್ದಾರೆ ಅನ್ನುವುದೇ ಕಾಣುವುದಿಲ್ಲ. ಫುಟ್‌ಬಾಲ್ ಆಡಿ ಬಂದವರು ಕಾಲು ಕೊಟ್ಟುಬಿಡುತ್ತಾರೆ, ಅವರಿಗೆ ಮಾತ್ರ ದಿನಕ್ಕೆ ಹತ್ತು ಸಲ ನೆನಪಿಸಬೇಕು.

ನಿಲ್ಲಿಸುವುದು ಬಂದರೆ ಪುಶ್ ಅರ್ಧ ಬಂದಂತೆ. ಪುಶ್‌ನಲ್ಲಿ ಬೀಸುವುದೇ ಇಲ್ಲ, ಸ್ಟಿಕ್ ಮೊದಲಿನಿಂದಲೂ ಚೆಂಡಿಗೆ ತಾಗಿಕೊಂಡೇ ಇರುತ್ತದೆ. ಎಡ ಭುಜ ಗುರಿಯ ಕಡೆ, ಕೈಗಳ ನಡುವೆ ಅಂತರ, ಮೈಭಾರ ಬಲಗಾಲಿನಿಂದ ಎಡಗಾಲಿಗೆ. ಮಕ್ಕಳು ಕೈಯಿಂದಲೇ ತಳ್ಳುತ್ತಾರೆ, ಆಮೇಲೆ 'ದೂರ ಹೋಗ್ತಿಲ್ಲ' ಅಂತ ದೂರುತ್ತಾರೆ. ಕಾಲಿನಿಂದ ತಳ್ಳು ಅನ್ನಿ, ಹೋಗುತ್ತದೆ.

'ಹಿಟ್ ಬರದಿದ್ದರೆ ಮ್ಯಾಚ್ ಆಡುವುದು ಹೇಗೆ ಸರ್' ಅಂತ ಕೇಳುವ ಕೋಚ್‌ಗಳಿದ್ದಾರೆ. ಇಂಡೋರ್ ಹಾಕಿಯಲ್ಲಿ ಹಿಟ್ ಹೊಡೆಯುವಂತೆಯೇ ಇಲ್ಲ, ಅಲ್ಲಿ ದೊಡ್ಡ ದೊಡ್ಡ ಆಟಗಾರರೂ ಪುಶ್ ಮೇಲೆಯೇ ಇಡೀ ಆಟ ಆಡುತ್ತಾರೆ. ಹೊರಾಂಗಣದಲ್ಲೂ 2009ರಲ್ಲಿ ಸೆಲ್ಫ್ ಪಾಸ್ ನಿಯಮ ಬಂದ ಮೇಲೆ ಫ್ರೀ ಹಿಟ್ ಸಿಕ್ಕವರು ಇನ್ನೊಬ್ಬರಿಗೆ ಹೊಡೆಯಲೇಬೇಕೆಂದಿಲ್ಲ, ತಾವೇ ಚೆಂಡು ತೆಗೆದುಕೊಂಡು ಓಡಬಹುದು. ಹೆಸರಿನಲ್ಲಿ ಮಾತ್ರ ಹಿಟ್. ಇನ್ನು ಅಪಾಯದ ಮಾತು. ಹಿಟ್ ಕಲಿಯುವ ಮಗುವಿನ ಸ್ಟಿಕ್ ಎಲ್ಲಿ ಹೋಗುತ್ತದೆ ಅಂತ ಆ ಮಗುವಿಗೂ ಗೊತ್ತಿರುವುದಿಲ್ಲ, ಪಕ್ಕದಲ್ಲಿ ನಿಂತವರ ಹಲ್ಲಿಗೆ ಗ್ಯಾರಂಟಿ ಇಲ್ಲ. ಗೋಲಿಗೆ ಹೊಡೆಯುವಾಗ ಬಿಟ್ಟರೆ ಹಿಟ್‌ನಿಂದ ಚೆಂಡನ್ನು ಬೇಕೆಂದೇ ಮೇಲೆತ್ತುವಂತಿಲ್ಲ ಅನ್ನುವ ನಿಯಮ ದೊಡ್ಡವರಿಗೇ ಇದೆ. ಮಕ್ಕಳ ಹಿಟ್ ಬೇಡವೆಂದರೂ ಮೇಲೇಳುತ್ತದೆ.

ಡ್ರ್ಯಾಗ್ ಫ್ಲಿಕ್ ಬಗ್ಗೆ ಬರೆಯದಿದ್ದರೆ ಈ ಪತ್ರ ಬರೆದೂ ಉಪಯೋಗವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಹೊಡೆದದ್ದನ್ನು ನೋಡಿದ ಪ್ರತಿ ಮಗುವಿಗೂ ಡ್ರ್ಯಾಗ್ ಫ್ಲಿಕ್ ಬೇಕು. ಆಸೆ ತಪ್ಪಲ್ಲ. ಆ ಹೊಡೆತ ಇಷ್ಟು ಬೆಲೆಬಾಳುವುದಕ್ಕೆ ಕಾರಣ ನಿಯಮದಲ್ಲೇ ಇದೆ. ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿ ತನ್ನ ಗೋಲಿನ ಹತ್ತಿರ ತಪ್ಪು ಮಾಡಿದಾಗ ಸಿಗುವ ಗೋಲಿನ ಅವಕಾಶ) ಮೊದಲ ಶಾಟ್ ಹಿಟ್ ಆಗಿದ್ದರೆ ಚೆಂಡು ಗೋಲು ಗೆರೆಯನ್ನು 460 ಮಿ.ಮೀ.ಗಿಂತ ಎತ್ತರದಲ್ಲಿ ದಾಟುವಂತಿಲ್ಲ, ಅಂದರೆ ಗೋಲಿನ ಹಿಂದಿನ ಹಲಗೆಯಷ್ಟು. ಫ್ಲಿಕ್‌ಗೆ ಆ ಮಿತಿ ಇಲ್ಲ, ಮೇಲಿನ ಮೂಲೆಗೂ ಕಳಿಸಬಹುದು. ಆದರೆ ಅದಕ್ಕೆ ಬೇಕಾದದ್ದು ಸೊಂಟ, ತೊಡೆ, ಬೆನ್ನಿನ ಬಲ. ಕೆಳಗೆ ಬಾಗಿ, ಉದ್ದ ಹೆಜ್ಜೆಯಿಟ್ಟು, ಆ ಬಾಗಿದ ಸ್ಥಿತಿಯಲ್ಲೇ ನಡುವನ್ನು ಜೋರಾಗಿ ತಿರುಗಿಸಬೇಕು. ಹತ್ತು ವರ್ಷದ ಬೆನ್ನಿಗೆ ದಿನಕ್ಕೆ ಐವತ್ತು ಸಲ ಅದನ್ನು ಮಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ಒಂದು ಶಿಬಿರದಲ್ಲಿ ಪುಶ್ ಕೂಡ ನೆಟ್ಟಗೆ ಬಾರದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫ್ಲಿಕ್ ಮಾಡಿಸುತ್ತಿದ್ದರು, ಯಾಕೆ ಅಂತ ಕೇಳಿದರೆ 'ಪೋಷಕರು ವಿಡಿಯೊ ಕೇಳ್ತಾರೆ' ಅಂದರು. ಪೋಷಕರೇ, ದಯವಿಟ್ಟು ಕೇಳಬೇಡಿ. ಡ್ರ್ಯಾಗ್ ಫ್ಲಿಕ್‌ನಲ್ಲೂ ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಬರುತ್ತದೆ, ಭಾರ ಎಡಗಾಲಿಗೇ ಹೋಗುತ್ತದೆ. ಪುಶ್ ಚೆನ್ನಾಗಿ ಕಲಿತವರಿಗೆ ಅದು ಮುಂದೆ ಸುಲಭವಾಗಿ ಒಲಿಯುತ್ತದೆ.

ಗೋಲ್‌ಕೀಪರ್ ವಿಷಯದಲ್ಲೂ ಒಂದು ಮಾತು. ನಿಧಾನ ಓಡುವ ಮಗುವನ್ನು ಹಿಡಿದು ಪ್ಯಾಡ್ ಕಟ್ಟಿ ಗೋಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಚಿಕ್ಕ ವಯಸ್ಸಿನಲ್ಲಿ ಎಲ್ಲರೂ ಒಂದೊಂದು ದಿನ ನಿಲ್ಲಲಿ, ಯಾರಿಗೆ ಇಷ್ಟ ಅಂತ ತಾನಾಗಿಯೇ ಗೊತ್ತಾಗುತ್ತದೆ. ಟ್ಯಾಕಲ್, ಅಂದರೆ ಎದುರಾಳಿಯಿಂದ ಚೆಂಡು ಕಸಿಯುವುದರ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: ಮೈಮೇಲೆ ಬೀಳದೆ, ಸ್ಟಿಕ್ ನೆಲಕ್ಕಿಟ್ಟು, ದಾರಿ ಮುಚ್ಚಿ ನಿಲ್ಲುವುದು.

ಕೋಚ್‌ಗಳಲ್ಲಿ ನನ್ನ ಇನ್ನೊಂದು ಮನವಿ, ಮಾತು ಕಡಿಮೆ ಮಾಡಿ. ಅರ್ಧ ನಿಮಿಷ ತೋರಿಸಿ, ಬಿಟ್ಟುಬಿಡಿ. ತಪ್ಪು ಮಾಡುವ ಮಗುವಿಗೆ ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳಿ. 'ಮಂಡಿ ಬಗ್ಗಿಸು, ತಲೆ ಎತ್ತು, ಕೈ ಸಡಿಲ ಮಾಡು' ಅಂತ ಮೂರನ್ನೂ ಒಟ್ಟಿಗೆ ಕೂಗಿದರೆ ಮಗು ಮೂರನ್ನೂ ಬಿಡುತ್ತದೆ. ಮೈದಾನ ಸುತ್ತುವ ಓಟದ ಬದಲು ಚೆಂಡು ಸಮೇತ ಓಡಿಸಿ. ನೀವು ಎದುರಿಗೆ ನಿಂತು ಬೆರಳುಗಳನ್ನು ಎತ್ತಿ ತೋರಿಸುತ್ತಿರಿ, ಡ್ರಿಬಲ್ ಮಾಡುತ್ತಲೇ ಅವರು ಎಷ್ಟು ಬೆರಳು ಅಂತ ಕೂಗಿ ಹೇಳಲಿ. ತಲೆ ಎತ್ತು ಅಂತ ಬೇರೆ ಹೇಳಬೇಕಾಗಿಲ್ಲ, ಮೈಯೂ ಬಿಸಿಯಾಗುತ್ತದೆ, ನಗುವೂ ಇರುತ್ತದೆ.

ಕೊನೆಯದಾಗಿ ಟೂರ್ನಿ ನಡೆಸುವವರಿಗೆ. ಹತ್ತು ವರ್ಷದೊಳಗಿನ ಮಕ್ಕಳನ್ನು 91.4 ಮೀಟರ್ ಉದ್ದ, 55 ಮೀಟರ್ ಅಗಲದ ಪೂರ್ತಿ ಮೈದಾನದಲ್ಲಿ 11 ಜನರ ತಂಡ ಮಾಡಿ ಆಡಿಸಬೇಡಿ. 60 ನಿಮಿಷ, 22 ಮಕ್ಕಳು, ಒಂದು ಚೆಂಡು ಅಂದರೆ ಸಮನಾಗಿ ಹಂಚಿದರೂ ಒಬ್ಬರಿಗೆ 3 ನಿಮಿಷ ಬರುವುದಿಲ್ಲ, ಮಕ್ಕಳ ಮ್ಯಾಚಿನಲ್ಲಿ ಸಮನಾಗಿ ಹಂಚುವವರು ಯಾರು? ಅಂತರರಾಷ್ಟ್ರೀಯ ಮಟ್ಟದಲ್ಲೇ ಐದು ಜನರ ಆಟವಿದೆ. 2014ರ ನಾನ್ಜಿಂಗ್ ಯೂತ್ ಒಲಿಂಪಿಕ್ಸ್‌ನಲ್ಲಿ ಹಾಕಿ ಫೈವ್ಸ್ ಆಡಿಸಿದರು, 2024ರಲ್ಲಿ ಮಸ್ಕತ್‌ನಲ್ಲಿ ಅದರ ಮೊದಲ ವಿಶ್ವಕಪ್ ಕೂಡ ಆಯಿತು. ನಮ್ಮ ಪುಟ್ಟ ಮಕ್ಕಳಿಗೆ ನಾಲ್ಕು ಜನರ ತಂಡವಾದರೂ ಸಾಕು. ಒಂದೇ ಮೈದಾನವನ್ನು ನಾಲ್ಕು ಭಾಗ ಮಾಡಿ, ನಾಲ್ಕೂ ಕಡೆ ಒಂದೊಂದು ಚೆಂಡು ಬಿಡಿ, ಹಿಟ್ ಇಲ್ಲ ಅಂತ ಮೊದಲೇ ಹೇಳಿ, ಹತ್ತು ಹತ್ತು ನಿಮಿಷದ ಮ್ಯಾಚ್ ಆಡಿಸಿ. ಒಂದೇ ಸಲಕ್ಕೆ 32 ಮಕ್ಕಳು ಆಡಬಹುದು, ಬೆಂಚಿನ ಮೇಲೆ ಕೂತು ಕಾಯುವವರೇ ಇರುವುದಿಲ್ಲ. ಕಪ್ ಒಂದೇ ಕೊಡಬೇಕಾ, ನಾಲ್ಕು ಕೊಡಬೇಕಾ ಅನ್ನುವುದನ್ನು ನೀವೇ ನಿರ್ಧರಿಸಿ, ಅದಕ್ಕೆ ನನ್ನ ತಕರಾರಿಲ್ಲ.

ಇಂತಿ,
ಮಕ್ಕಳಿಗೆ ಹಾಕಿ ಹೇಳಿಕೊಡುವ ಒಬ್ಬ ಓದುಗ