ಪೈಂಟಿಗಿಂತ ಮೊದ್ಲು ಹೆಡ್ ಬಿಚ್ಚಿ ಮಾರಾಯ್ರೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಭಾನುವಾರದ ಪುಟದಲ್ಲಿ ಹಳೇ ಬ್ರಿಟಿಷ್ ಬೈಕ್ ರಿಪೇರಿ ಮಾಡಿ ಹೊಸತು ಮಾಡಿದ ಲೇಖನ ಓದಿದೆ. ಟ್ಯಾಂಕಿನ ಕ್ರೋಮು, ಕೈಯಲ್ಲೇ ಎಳೆದ ಚಿನ್ನದ ಗೆರೆ, ಸೀಟಿನ ಹೊಲಿಗೆ ಎಲ್ಲ ಚಂದಕ್ಕೆ ಬರ್ದಿದ್ದೀರಿ, ಇಂಜಿನ್ ಬಗ್ಗೆ ಮಾತ್ರ ಒಂದೇ ಸಾಲು, ವಾಲ್ವ್ ಗ್ರೈಂಡ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿದ್ರು ಅಂತ. ಆ ಸಾಲಿನ ಬಗ್ಗೆಯೇ ಈ ಪತ್ರ. ಯಾಕೆಂದ್ರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಈಗ ಹುಡುಗರು ಅಜ್ಜನ ಕಾಲದ ಬೈಕನ್ನ ಸೌದೆ ಕೊಟ್ಟಿಗೆಯಿಂದ ಹೊರಗೆ ತೆಗೀತಾ ಇದ್ದಾರೆ, ಅವ್ರು ಇದನ್ನ ಓದಿ ಇಷ್ಟೇ ಸಾಕು ಅಂದ್ಕೊಂಡ್ರೆ ಒಂದು ಮಳೆಗಾಲ ಕಳೆಯುವಾಗ ಎಕ್ಸಾಸ್ಟ್ ವಾಲ್ವ್ ಸುಟ್ಟು ಕೂತಿರ್ತದೆ.

ವಿಷಯ ಎಂತ ಅಂದ್ರೆ, ಇಂಜಿನಿನ ಮೇಲಿನ ಮುಚ್ಚಳ, ಅಂದ್ರೆ ಹೆಡ್ಡಲ್ಲಿ, ಗಾಳಿ ಪೆಟ್ರೋಲ್ ಒಳಗೆ ಬಿಡುವ ಇನ್‌ಲೆಟ್, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ಅಂತ ಎರಡು ವಾಲ್ವ್ ಉಂಟು, ಅವು ಮುಚ್ಚುವಾಗ ಬಂದು ಕೂರುವ ಉಂಗುರದ ಜಾಗವೇ ಸೀಟು. ಅಲ್ಲಿಗೆ ಗ್ರೈಂಡಿಂಗ್ ಪೇಸ್ಟ್ ಹಾಕಿ ವಾಲ್ವ್ ಉಜ್ಜುದು ಕಡೇ ಕೆಲ್ಸ, ಮೊದಲ್ನೇ ಕೆಲ್ಸ ಅಲ್ಲ. ಮೊದ್ಲು ನೋಡ್ಬೇಕಾದ್ದು ವಾಲ್ವ್ ಗೈಡ್, ಅಂದ್ರೆ ವಾಲ್ವಿನ ಕಾಂಡ ಮೇಲೆ ಕೆಳಗೆ ಓಡಾಡುವ ಕೊಳವೆ. ವಾಲ್ವನ್ನ ಸೀಟಿಂದ ಸ್ವಲ್ಪ ಮೇಲೆ ಎತ್ತಿ ಹಿಡಿದು ಆಚೆ ಈಚೆ ಅಲ್ಲಾಡಿಸಿ ನೋಡಿ, ಕೈಗೆ ಲಟಲಟ ಅಂತ ಸಿಕ್ಕಿದ್ರೆ ಗೈಡ್ ಹೋಗಿದೆ ಇಲ್ಲಾ ವಾಲ್ವಿನ ಕಾಂಡ ಸವೆದಿದೆ, ಎರಡೂ ಇರ್ಬಹುದು. ಇನ್ನೊಂದು ಗುರ್ತು, ಇಳಿಜಾರಲ್ಲಿ ಎಕ್ಸಿಲೇಟರ್ ಬಿಟ್ಟು ಬಂದು ಕೆಳಗೆ ಪುನಃ ತಿರುಗಿಸಿದ ಕೂಡ್ಲೇ ಸೈಲೆನ್ಸರಿಂದ ನೀಲಿ ಹೊಗೆ ಬುಸ್ಸಂತ ಬಂದ್ರೆ ಇನ್‌ಲೆಟ್ ಗೈಡಿನ ಮೇಲೆ ಡೌಟು ಪಡಿ, ಎಲ್ರೂ ರಿಂಗ್ ಪಿಸ್ಟನ್ ಅಂತ ಸಿಲಿಂಡರ್ ಬೋರ್ ಮಾಡಿಸುದಕ್ಕೆ ದುಡ್ಡು ಸುರೀತಾರೆ. ಗೈಡ್ ಸವೆದಿರುವಾಗ ಸೀಟು ಕಟ್ ಮಾಡಿಸುದು ಅಂದ್ರೆ ತಿರುಗಣೆ ಸಡಿಲ ಆದ ಬಾಗಿಲಿಗೆ ಚೌಕಟ್ಟು ಕೆತ್ತಿಸಿದ ಹಾಗೆ. ಸೀಟು ಕತ್ತರಿಸುವ ಟೂಲು ನಿಲ್ಲುದೇ ಗೈಡಿನ ತೂತಿನ ಆಧಾರದಲ್ಲಿ, ಹಾಗಾಗಿ ಗೈಡ್ ಬದಲಿಸಿದ್ರೆ ಸೀಟು ಪುನಃ ಕಟ್ ಮಾಡ್ಲೇಬೇಕು, ಹೊಸ ಗೈಡಿನ ತೂತು ಹಳೇದರ ಜಾಗದಲ್ಲೇ ಕೂದಲೆಳೆ ತಪ್ಪದೆ ಬರುದಿಲ್ಲ. ಗೈಡು ಒಳಗೆ ಬಿಗಿಯಾಗಿ ಕೂತಾಗ ತೂತು ಸ್ವಲ್ಪ ಕುಗ್ತದೆ, ತೂತನ್ನ ಅಳತೆಗೆ ಕೆರೆಯುವ ರೀಮರ್ ಹಾಕ್ಬೇಕು, ಆಮೇಲೆ ಸೀಟು, ಆಮೇಲೆ ಪೇಸ್ಟು. ಇದು ಉಲ್ಟಾ ಮಾಡಿ ಕೊಡುವ ಲೇತ್ ಅಂಗಡಿಗಳು ಉಂಟು, ಹೆಸರು ಬೇಡ.

ಹಳೇ ಬುಲೆಟ್‌ಗೆ ಅಲ್ಯೂಮಿನಿಯಂ ಹೆಡ್ಡು, ಕೆಳಗೆ ಬೀಡಿನ (ಎರಕದ ಕಬ್ಬಿಣದ) ಬ್ಯಾರೆಲ್, ಅಂದ್ರೆ ಸಿಲಿಂಡರ್. ಅದರ ಗೈಡನ್ನ ತಣ್ಣಗಿರುವಾಗ ಸುತ್ತಿಗೆಯಲ್ಲಿ ಬಡಿದು ತೆಗೆದ್ರೆ ಹೆಡ್ಡಿನ ತೂತೇ ಗೀರಿ ದೊಡ್ಡದಾಗ್ತದೆ, ಮತ್ತೆ ಓವರ್‌ಸೈಜ್ ಗೈಡ್ ಹುಡುಕ್ಕೊಂಡು ಮಂಗಳೂರು ಕೊಯಮತ್ತೂರು ಸುತ್ಬೇಕು. ಓವನಲ್ಲಿ ಹೆಡ್ಡನ್ನ ಸಮಾ ಬಿಸಿ ಮಾಡಿ, ಗೈಡಿನ ತುದಿಯ ಕಾರ್ಬನ್ ಕೆರೆದು, ಮೆಟ್ಟಿಲಿದ್ದ ಡ್ರಿಫ್ಟ್ (ತಟ್ಟುವ ಸರಳು) ಇಟ್ಟು ತಟ್ಟಿದ್ರೆ ಸುಲಭದಲ್ಲಿ ಬರ್ತದೆ. ಮನೆಯ ಓವನ್ ಆದ್ರೆ ಹೆಂಡ್ತಿ ತವರಿಗೆ ಹೋದಾಗ ಮಾಡುದು ಒಳ್ಳೇದು. ಬಿಎಸ್ಎ ಬಿ31 ಅನ್ನುವ ಹಳೇ ಬ್ರಿಟಿಷ್ ಬೈಕು ಹಾಗಲ್ಲ, ಅದರ ಹೆಡ್ಡೂ ಬೀಡೇ. ಅದ್ರಲ್ಲಿ ಸೀಟು ಹೆಡ್ಡಲ್ಲೇ ಕಡೆದದ್ದು. ಮೊದ್ಲೆಲ್ಲ ಪೆಟ್ರೋಲಲ್ಲಿ ಸೀಸ ಇತ್ತು, ಅದು ಸೀಟಿನ ಮೇಲೆ ತೆಳ್ಳಗೆ ಕೂತು ಕಾಪಾಡ್ತಿತ್ತು, 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ. ಜೋರು ಓಡಿಸಿದ್ರೆ ಸೀಟು ಸವೆದು ವಾಲ್ವ್ ಒಳಗೆ ಒಳಗೆ ಹೋಗ್ತದೆ, ವಾಲ್ವಿಗೂ ಅದನ್ನ ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಗ್ಯಾಪ್ ತಾನಾಗಿ ಕಮ್ಮಿ ಆಗ್ತಾ ಬಂದ್ರೆ ಅದೇ ಲಕ್ಷಣ. ಹಾಗಂತ ಒಳ್ಳೇ ಸೀಟನ್ನ ಕಿತ್ತು ಗಟ್ಟಿ ರಿಂಗ್ ಕೂರಿಸುವ ಅಗತ್ಯ ಇಲ್ಲ, ಸವೆದು ಹೋದ್ಮೇಲೆ ಕೂರಿಸಿದ್ರೆ ಸಾಕು ಅಂತ ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುವ ಬೈಕಿಗೆ ಅಷ್ಟು ಹೆದರಿಕೆ ಬೇಡ.

ಪೇಸ್ಟ್ ಹಾಕಿ ಮುಗಿದ್ಮೇಲೆ ಟೆಸ್ಟು ಸುಲಭ, ವಾಲ್ವ್ ಸ್ಪ್ರಿಂಗ್ ಲಾಕ್ ಎಲ್ಲ ಹಾಕಿ ಹೆಡ್ಡಿನ ಪೋರ್ಟಿಗೆ (ಗಾಳಿ, ಹೊಗೆ ಹೋಗುವ ದಾರಿಗೆ) ಸ್ವಲ್ಪ ಪೆಟ್ರೋಲ್ ಹೊಯ್ದು ಬಿಡಿ, ಕೆಳಗೆ ಒದ್ದೆ ಕಾಣ್ಬಾರ್ದು. ಸ್ಪ್ರಿಂಗನ್ನ ಹೊಸ ಸ್ಪ್ರಿಂಗಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಆಗಿದ್ರೆ ಬಿಸಾಡಿ.

ವಾಲ್ವನ್ನ ಒತ್ತಿ ತೆರೆಯುವ ಸಣ್ಣ ತೋಳು ರಾಕರ್, ಅದರ ವಿಷಯ ಯಾರೂ ಹೇಳುದಿಲ್ಲ. ರಾಕರಿನ ಮೂತಿಯಲ್ಲಿ ವಾಲ್ವ್ ಬಡಿದು ಬಡಿದು ಗುಳಿ ಬಿದ್ದಿರ್ತದೆ, ಗ್ಯಾಪ್ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಆ ಗುಳಿಯ ಮೇಲೆ ಸೇತುವೆ ಹಾಗೆ ಅಡ್ಡ ನಿಲ್ತದೆ, ಗೇಜು ಸರಿ ಅಂತ ಹೇಳ್ತದೆ ಇಂಜಿನು ಟಕಟಕ ಅಂತದೆ. ಬುಲೆಟ್ಟಿನ ರಾಕರ್ ಕೂರುವ ಬ್ಲಾಕು ಎರಡು ತುಂಡು, ಮೇಲಿನದ್ದು ಕೆಳಗಿನದ್ದು ಜೋಡಿ, ಇನ್ಲೆಟ್ಟಿನದ್ದನ್ನ ಎಕ್ಸಾಸ್ಟಿಗೆ ಅದಲುಬದಲು ಮಾಡ್ಬಾರ್ದು, ಬಿಚ್ಚುವಾಗಲೇ ಬೇರೆ ಬೇರೆ ಡಬ್ಬಿಗೆ ಹಾಕಿ ಇಡಿ. ರಾಕರನ್ನ ಕೆಳಗಿಂದ ತಳ್ಳುವ ಪುಶ್‌ರಾಡೂ ಅಷ್ಟೇ. ಟ್ಯಾಪೆಟ್ ಇಡುವಾಗ ಹಳೇ ಬುಲೆಟ್‌ಗೆ ಗೇಜು ಬೇಡವೇ ಬೇಡ, ಇಂಜಿನ್ ತಣ್ಣಗಿದ್ದು ಪಿಸ್ಟನ್ ಕಂಪ್ರೆಷನಲ್ಲಿ ಮೇಲೆ ಬಂದಿರುವಾಗ ಪುಶ್‌ರಾಡ್ ಬೆರಳಲ್ಲಿ ಆರಾಮಾಗಿ ತಿರುಗ್ಬೇಕು, ಮೇಲೆ ಕೆಳಗೆ ಅಲ್ಲಾಡ್ಬಾರ್ದು, ಅಷ್ಟೇ.

ಸ್ಪ್ಯಾನರ್ ಬಗ್ಗೆಯೂ ಹೇಳಿ ಬಿಡ್ತೇನೆ. ಆ ಬೈಕ್‌ಗಳ ನಟ್ಟು ಮಿಲಿಮೀಟರ್ ಲೆಕ್ಕದ್ದಲ್ಲ, ವಿಟ್‌ವರ್ತ್, ಬಿಎಸ್ಎಫ್ ಅನ್ನುವ ಹಳೇ ಬ್ರಿಟಿಷ್ ಇಂಚಿನ ಲೆಕ್ಕದ್ದು. 1/4 ವಿಟ್‌ವರ್ತ್ ನಟ್ಟಿಗೆ 13ರ ಸ್ಪ್ಯಾನರ್ ಹೋಗುದಿಲ್ಲ, 14 ಹಾಕಿದ್ರೆ ಜಾರಿ ಮೂಲೆ ಉರುಟಾಗ್ತದೆ, ಅದಕ್ಕೆ 1/4 ವಿಟ್‌ವರ್ತ್ ಸ್ಪ್ಯಾನರೇ ಬೇಕು, ಆ ಸ್ಪ್ಯಾನರ್ 5/16 ಬಿಎಸ್ಎಫ್‌ಗೂ ಆಗ್ತದೆ. ಫೋಟೋದಲ್ಲಿ ಕಂಡ ಬೈಕಿನ ಹೆಡ್ ನಟ್ಟುಗಳ ಮೂಲೆ ನೋಡಿದ್ರೆ ಯಾವ ಸ್ಪ್ಯಾನರ್ ಹಾಕಿದ್ರು ಅಂತ ಗೊತ್ತಾಗ್ತದೆ!

ಇನ್ನು ಖರ್ಚಿನ ಮಾತು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನಂಬರ್ ತಗೊಳ್ಳುದಕ್ಕೆ 2021ರ ರೂಲಿನ ಪ್ರಕಾರ ಹೊಸ ರಿಜಿಸ್ಟ್ರೇಷನ್ ಫೀಸು 20,000 ರೂಪಾಯಿ, ಅದ್ರಲ್ಲಿ ದಿನಾ ಓಡಿಸುವ ಹಾಗೂ ಇಲ್ಲ. ನಮ್ಮ ಕಡೆಯ ಹಳೇ ಬೈಕಿನ ಕಾಗದ ಹುಡುಕುದೇ ಒಂದು ಯಜ್ಞ, 1956ರ ನವೆಂಬರ್‌ವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ, ಆಮೇಲೆ ಕೇರಳಕ್ಕೆ ಹೋಯ್ತು. ಇದಕ್ಕೆಲ್ಲ ಓಡಾಡುವವ್ರು ಗೈಡಿನ ಹತ್ರ ಬಂದಾಗ ಮಾತ್ರ ಚೌಕಾಸಿ ಮಾಡ್ತಾರೆ.

ಒಂದು ವಿನಂತಿ ಉಂಟು. ವಾಲ್ವ್ ಸೀಟು ಕೈಯಲ್ಲೇ ಕಟ್ ಮಾಡಿ, ನೀಲಿ ಬಣ್ಣ ಹಚ್ಚಿ ಸುತ್ತ ಸಮ ಕೂತಿದೆಯಾ ನೋಡುವ ಹಳೇ ಲೇತ್‌ನವ್ರು ಉಪ್ಪಳದಿಂದ ಮಂಗಳೂರಿನವರೆಗೆ ಇನ್ನೂ ಕೆಲವ್ರು ಇದ್ದಾರೆ, ಹೆಚ್ಚಿನವ್ರಿಗೆ ವಯಸ್ಸಾಯ್ತು, ಮಕ್ಕಳು ಆ ಕೆಲ್ಸಕ್ಕೆ ಬರ್ಲಿಲ್ಲ. ಅವ್ರ ಹತ್ರ ಹೋಗಿ, ಒಪ್ಪಿಗೆ ಕೇಳಿ, ಊರು ಅಂಗಡಿ ಹಾಕಿ ಒಂದು ಪುಟ ಬರೀರಿ. ನಮ್ಮ ಐಟಿಐ ಮಕ್ಕಳನ್ನೂ ಕರ್ಕೊಂಡು ಹೋದ್ರೆ ಇನ್ನೂ ಒಳ್ಳೇದು. ಮತ್ತೆ ಅದನ್ನ ಮಂಗಳೂರು ಎಡಿಷನಲ್ಲಿ ಮಾತ್ರ ಹಾಕಿ ಕೂತ್ಕೊಳ್ಬೇಡಿ, ಕಾಸರಗೋಡಿಗೆ ಬರುವ ಪೇಪರಲ್ಲೂ ಬರ್ಲಿ.

ಇತಿ,
ಪೆರ್ಲದ ಒಬ್ಬ ಓದುಗ